ಹನ್ನೊಂದು ನಿಮಿಷದ ಟ್ರೇಲರ್

"ನಿಮ್ಮ ಕಪ್ಪು ಕಪ್ಪಾಗಿಲ್ಲ," ಎಂದಳು ಅವಳು, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

ಮೂರು ದಿನ ಕೂತು ಮಾಡಿದ ಪೋಸ್ಟರ್ ಅದು. ಪ್ರಿಂಟ್ ಅಂಗಡಿಯವರ ಕೆಲಸ ಪ್ರಿಂಟ್ ಹಾಕಿಕೊಡುವುದು, ವಿಮರ್ಶೆ ಮಾಡುವುದಲ್ಲ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು, ಪರದೆಯ ಮೇಲೆ ಕಪ್ಪಾಗಿಯೇ ಕಾಣುತ್ತಿದೆಯಲ್ಲ ಎಂದಷ್ಟೇ ಹೇಳಿದ.

"ಪರದೆ ಎಲ್ಲರನ್ನೂ ಹೊಗಳುತ್ತೆ. ಕಾಗದಕ್ಕೆ ಆ ಬುದ್ಧಿ ಇಲ್ಲ. ಹೀಗೇ ಒತ್ತಿದ್ರೆ ಬೂದಿ ಬಣ್ಣ ಬರುತ್ತೆ. ಬೂದಿ ಬೇಕೋ, ಕಪ್ಪು ಬೇಕೋ?"

ಕಪ್ಪು ಬೇಕು ಎಂದ. ಅವಳು ಕಪ್ಪಿನ ಅಡಿಗೆ ಒಂದಿಷ್ಟು ನೀಲಿ ಬೆರೆಸಿದಳು. ದೊಡ್ಡ ಯಂತ್ರ ಮುಲುಗುತ್ತ ಕಾಗದವನ್ನು ಇಂಚಿಂಚಾಗಿ ಹೊರಗೆ ಬಿಟ್ಟಿತು. ಇಣುಕಿದರೆ ತಳ ಕಾಣದಂಥ ಕಪ್ಪು. ಅವನು ಬಾಯಿ ತೆರೆದು ನೋಡುತ್ತಿದ್ದಾಗ ಅವಳು ಮೊದಲ ಸಲ ತಲೆಯೆತ್ತಿದಳು. ಅವಳ ಒಂದು ಹುಬ್ಬು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಮೇಲಿತ್ತು. ಈಗೇನಂತೀರಿ ಎಂದು ಆ ಹುಬ್ಬೇ ಕೇಳಿತು. ಉತ್ತರಕ್ಕೆ ಕಾಯದೆ ಅವಳ ನೋಟ ಅವನ ಭುಜದ ಮೇಲಿಂದ ಬೀದಿಗೆ ಹೋಗಿ, ಅಲ್ಲಿ ನಿಂತಿದ್ದ ಒಂದು ಕಾರನ್ನು ಮುಟ್ಟಿ ಹಿಂದಕ್ಕೆ ಬಂತು. ಅವಳ ಎಲ್ಲ ನೋಟಗಳೂ ಹಾಗೆ ಬೀದಿಗೆ ಹೋಗಿಯೇ ಬರುತ್ತವೆ ಎಂಬುದು ಅವನಿಗೆ ಆಮೇಲೆ ತಿಳಿಯಿತು. ಯಾಕೆ ಎಂಬುದು ಇನ್ನೂ ತಡವಾಗಿ ತಿಳಿಯಿತು.

ಅವನು ಸಿನಿಮಾ ಕಾಲೇಜಿನ ಕೊನೆಯ ವರ್ಷದಲ್ಲಿದ್ದ. ಎಡಿಟಿಂಗ್ ಕಲಿಯುತ್ತಿದ್ದುದರಿಂದ ಗೆಳೆಯರಿಗೆಲ್ಲ ಅವನು 'ಕತ್ತರಿ'. ಕೊನೆಯ ಪರೀಕ್ಷೆಯ ಬದಲು ಅವರಿಗೊಂದು ವಿಚಿತ್ರ ಕೆಲಸ ಕೊಟ್ಟಿದ್ದರು. ಇಲ್ಲದ ಸಿನಿಮಾಕ್ಕೆ ಎರಡು ನಿಮಿಷದ ಟ್ರೇಲರ್ ಮಾಡಬೇಕು. ಅದಕ್ಕೆ ಒಪ್ಪುವ ಒಂದು ಪೋಸ್ಟರ್, ಒಂದು ಪತ್ರಿಕೆಯ ಮುಖಪುಟವನ್ನೂ ಮಾಡಬೇಕು. ಮೂರೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣಬೇಕು ಎನ್ನುವುದು ಎಡಿಟಿಂಗ್ ಮೇಷ್ಟ್ರ ಮಾತು. ಪೋಸ್ಟರನ್ನು ನಿಜವಾಗಿಯೂ ಊರಿನ ಗೋಡೆಗಳ ಮೇಲೆ ಅಂಟಿಸಬೇಕು. ಅದನ್ನು ನೋಡಿ ಎಷ್ಟು ಮಂದಿ ಅಪರಿಚಿತರು ಶನಿವಾರದ ಪ್ರದರ್ಶನಕ್ಕೆ ಬರುತ್ತಾರೆ ಎಂಬುದಕ್ಕೂ ಅಂಕವಿತ್ತು. ಅವನ ಇಲ್ಲದ ಸಿನಿಮಾದ ಹೆಸರು 'ಎಂಟನೇ ಬಾಗಿಲು'. ಒಂದು ಕಟ್ಟಡ, ಏಳು ಮನೆ, ಎಂಟು ಬಾಗಿಲು. ಎಂಟನೆಯದರ ಹಿಂದೆ ಒಬ್ಬ ಹೆಂಗಸಿದ್ದಾಳೆ. ಅವಳನ್ನು ಯಾರೂ ನೋಡಿಲ್ಲ.

ಪ್ರಿಂಟ್ ಅಂಗಡಿಗೆ ಅವನ ಓಡಾಟ ಹೆಚ್ಚಿತು. ಅಕ್ಷರದ ಗಾತ್ರ ನೋಡಲು ಒಂದು ಸಲ, ಕಾಗದದ ದಪ್ಪ ನೋಡಲು ಒಂದು ಸಲ, ಬೇಕೆಂದೇ ಮರೆತುಬಂದ ಪೆನ್ ಡ್ರೈವ್‌ಗಾಗಿ ಎರಡು ಸಲ. ಅವನಿದ್ದುದು ಅಕ್ಕನ ಮನೆಯಲ್ಲಿ; ಅಕ್ಕ ಶಾಲೆಯಲ್ಲಿ ಗಣಿತ ಹೇಳುವವಳು. ಒಂದು ಪೋಸ್ಟರಿಗೆ ಎರಡು ವಾರದಲ್ಲಿ ಒಂಬತ್ತು ಸಲ ಹೋಗಿಬರುವವನು ಮದುವೆಯ ಕಾಗದ ಅಚ್ಚು ಹಾಕಿಸಲು ಎಷ್ಟು ಸಲ ಹೋಗಬೇಕಾದೀತು ಎಂದು ಊಟಕ್ಕೆ ಕೂತಾಗ ಲೆಕ್ಕ ಕೊಟ್ಟಳು. ಸುಮ್ನಿರಕ್ಕ ಎಂದು ಅವನು ತಲೆ ತಗ್ಗಿಸಿದ. ಕಿವಿಯ ಕೆಂಪು ಮಾತ್ರ ಬಗ್ಗಲಿಲ್ಲ.

ಅವನ ಅಡ್ಡಹೆಸರು ಗೊತ್ತಾದ ದಿನದಿಂದ ಅವಳು ಅವನನ್ನು 'ಕತ್ತರಿ ಸಾಹೇಬ್ರು' ಎಂದಳು. ಬನ್ನಿ ಸಾಹೇಬ್ರೇ, ಇವತ್ತು ಏನು ಮರೆತು ಹೋಗೋಣ ಅಂತಿದೀರಿ ಎಂದು ಕೇಳುವಾಗ ತುಟಿ ಅಲುಗದೆ ಕಣ್ಣು ಮಾತ್ರ ನಗುತ್ತಿತ್ತು. ಆದರೆ ತನ್ನ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ. ಊರು ಯಾವುದು ಎಂದರೆ, ದೂರ. ಇಲ್ಲಿಗೆ ಬಂದು ಎಷ್ಟು ದಿನವಾಯಿತು ಎಂದರೆ, ಸ್ವಲ್ಪ ದಿನ. ಅಂಗಡಿಯ ಮೇಲಿನ ಕೋಣೆಯಲ್ಲೇ ಅವಳ ವಾಸ. ಅಂಗಡಿಯ ಯಜಮಾನರು ಮುಂಗೋಪಿ ಮುದುಕ, ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡೇ ಅದಕ್ಕಾಗಿ ಹುಡುಕುವವರು. ಅವಳ ಬಗ್ಗೆ ಯಾರಾದರೂ ವಿಚಾರಿಸಿದರೆ ಮಾತ್ರ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಅವನಿಗೆ ಅವಳ ಮೌನಗಳು ಇಷ್ಟವಾದವು. ಮಾತಿನ ನಡುವೆ ಅವಳು ನಿಂತುಬಿಟ್ಟಾಗ, ಅದು ತನಗಾಗಿ ಬಿಟ್ಟ ಜಾಗ ಎಂದುಕೊಂಡ. ಪ್ರೀತಿಸುವವರೆಲ್ಲ ಹಾಗೇ ತಿಳಿಯುತ್ತಾರೆ. ಒಳಗಿನಿಂದ ಹಾಕಿಕೊಂಡ ಚಿಲಕವೂ ಹೊರಗೆ ನಿಂತವನಿಗೆ ಮೌನವಾಗಿಯೇ ಕೇಳುತ್ತದೆ.

ಟ್ರೇಲರಿನಲ್ಲಿ ನಟಿಸಬೇಕಿದ್ದ ಸಹಪಾಠಿ ಮೆಟ್ಟಿಲಿಂದ ಬಿದ್ದು ಕಾಲು ಮುರಿದುಕೊಂಡಳು. ಅವನು ಧೈರ್ಯ ಮಾಡಿ ಇವಳನ್ನು ಕೇಳಿದ. ಮೊದಲು ಆಗಲ್ಲ ಎಂದಳು. ಮರುದಿನ ತಾನಾಗಿಯೇ ಮಾತು ತೆಗೆದಳು.

"ಮುಖ ಕಾಣಬಾರದು. ಅದಕ್ಕೆ ಒಪ್ಪಿದ್ರೆ ಮಾಡ್ತೀನಿ."

ಯಾಕೆ ಎಂದದ್ದಕ್ಕೆ, ನನ್ನ ಮುಖ ಕ್ಯಾಮೆರಾಕ್ಕೆ ಆಗಿಬರಲ್ಲ ಎಂದು ಅರ್ಧ ತುಟಿಯಲ್ಲಿ ನಕ್ಕಳು. ನಾಚಿಕೆ ಇರಬೇಕು ಎಂದುಕೊಂಡ.

ಅಂಗಡಿಗೆ ರಜೆಯಿದ್ದ ದಿನ ಚಿತ್ರೀಕರಣವಾಯಿತು. ಒಳಗೆ ಲ್ಯಾಮಿನೇಷನ್ ಕೋಣೆಯಿತ್ತು; ಅದರ ಬಾಗಿಲಿಗೆ ಮಂಜು ಹಿಡಿದಂಥ ಗಾಜು. ಅದರ ಹಿಂದೆ ಅವಳು ನಿಂತರೆ ಆಕಾರ ಮಾತ್ರ ಕಾಣುತ್ತಿತ್ತು, ಅಂಚುಗಳು ಕರಗಿದ ಒಂದು ನೆರಳು. ಹೇಗೆ ಮಾಡಬೇಕು ಎಂದು ಅವನು ವಿವರಿಸಲು ಹೊರಟ. ಅವಳು ಕೈಯೆತ್ತಿ ತಡೆದಳು.

ಅಂಗೈ ಗಾಜಿಗೆ ಬಂದು ಕೂತಿತು. ಬಡಿಯಲಿಲ್ಲ, ಕೂಗಲಿಲ್ಲ. ಬೆರಳುಗಳು ಮೆಲ್ಲಗೆ ಕೆಳಗಿಳಿದು ಹಿಡಿಕೆ ಹುಡುಕಿದವು. ಒಂದು ಸಲ ತಿರುಗಿಸಿ ನೋಡಿ ನಿಂತಳು, ಯಾರಾದರೂ ಕೇಳಿಸಿಕೊಂಡರೇ ಎನ್ನುವ ಹಾಗೆ. ಮತ್ತೊಂದು ಸಲ, ಇನ್ನೂ ಮೆಲ್ಲಗೆ. ಆಮೇಲೆ ನೆರಳು ನೆಲದ ಕಡೆ ಇಳಿದು ಕೂತುಬಿಟ್ಟಿತು, ಇದು ದಿನವೂ ಹೀಗೇ ಎನ್ನುವಂತೆ. ಕ್ಯಾಮೆರಾದ ಹಿಂದೆ ಅವನ ಮೈ ಜುಮ್ಮೆಂದಿತು. ಎಂಥ ನಟನೆ ಎಂದುಕೊಂಡ.

ಮರುಕ್ಷಣ ಬಾಗಿಲು ತೆರೆಯಿತು. ಕೆನ್ನೆಗೆ ಅಂಟಿದ ಕೂದಲನ್ನು ಸರಿಸುತ್ತ, ಬೆಳಕಿಗೆ ಕಣ್ಣು ಕಿರಿದು ಮಾಡಿ, "ಆಯ್ತಾ?" ಎಂದು ನಕ್ಕಳು. ಕ್ಯಾಮೆರಾ ಇನ್ನೂ ಓಡುತ್ತಿತ್ತು. ನಾಲ್ಕು ಸೆಕೆಂಡು. ಅವಳಿಗೆ ಗೊತ್ತಾಗಲಿಲ್ಲ, ಅವನು ಹೇಳಲಿಲ್ಲ. ಆ ವಾರವಿಡೀ ಎಡಿಟಿಂಗ್ ಮೇಜಿನಲ್ಲಿ ಕೂತು ಆ ನಾಲ್ಕು ಸೆಕೆಂಡನ್ನು ಎಷ್ಟು ಸಲ ನೋಡಿದನೋ ಅವನಿಗೇ ತಿಳಿಯದು.

ಮೇಷ್ಟ್ರು ಟ್ರೇಲರ್ ಮೆಚ್ಚಿದರು. ಪೋಸ್ಟರ್ ಮಾತ್ರ ಸತ್ತಿದೆ ಎಂದರು. ಬರೀ ಗಾಜು ನೋಡಿ ಯಾರು ನಿಲ್ಲುತ್ತಾರೆ? ಅಪರಿಚಿತನೊಬ್ಬ ದಾರಿಯಲ್ಲಿ ನಿಲ್ಲಬೇಕಾದರೆ ಒಂದು ಮುಖ ಬೇಕು. ಅವನ ಬಳಿ ಮುಖವಿತ್ತು.

ಆ ನಾಲ್ಕು ಸೆಕೆಂಡಿನಿಂದ ಒಂದು ಫ್ರೇಮ್ ತೆಗೆದು ಪೋಸ್ಟರ್ ಮಾಡಿದ. ನಲವತ್ತು ಪ್ರತಿಯನ್ನು ಊರಿನ ಇನ್ನೊಂದು ತುದಿಯ ಬೇರೆ ಅಂಗಡಿಯಲ್ಲಿ ಒತ್ತಿಸಿದ. ಅವಳಿಗೆ ಅಚ್ಚರಿಯಾಗಲಿ ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಕೇಳಿದರೆ ಬೇಡ ಎನ್ನುತ್ತಾಳೆ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಅಷ್ಟು ದೂರ ಹೋಗಿದ್ದ. ಈ ಸತ್ಯವನ್ನು ಅವನು ಒಪ್ಪಿಕೊಂಡದ್ದು ಎಲ್ಲ ಕೈಮೀರಿದ ಮೇಲೆ. ಸೋಮವಾರ ಸಂಜೆಯೊಳಗೆ ನಲವತ್ತು ಗೋಡೆಗಳ ಮೇಲೆ ಅವಳು ನಗುತ್ತಿದ್ದಳು. ಕೆಳಗೆ ಅವನ ಫೋನ್ ನಂಬರ್.

ಮಂಗಳವಾರ ಮಧ್ಯಾಹ್ನ ಮೊದಲ ಕರೆ ಬಂತು. ಗಂಡಸಿನ ಮೆತ್ತಗಿನ ದನಿ, ಒಂದೊಂದೇ ಪದವನ್ನು ಒರೆಸಿ ಇಟ್ಟಂತೆ ಮಾತು. ಕೆಲಸದ ಮೇಲೆ ಈ ಊರಿಗೆ ಬಂದವರಂತೆ. ಪೋಸ್ಟರ್ ಕಣ್ಣಿಗೆ ಬಿತ್ತಂತೆ. ವಿದ್ಯಾರ್ಥಿಗಳ ಕೆಲಸ ಎಂದರೆ ನಂಬುವುದು ಕಷ್ಟ ಎಂದು ಹೊಗಳಿದರು.

"ಆ ಹೆಣ್ಣುಮಗಳು ಬಹಳ ಸಹಜವಾಗಿದ್ದಾರೆ. ಎಲ್ಲಿ ಸಿಕ್ಕಿದ್ರು ನಿಮಗೆ? ಕೇಳಿದ್ರೆ ತೊಂದರೆ ಏನಿಲ್ಲ ತಾನೆ?"

ಏನೂ ಇಲ್ಲ ಸಾರ್ ಎಂದು ಅವನು ಉಬ್ಬಿಹೋಗಿ ಎಲ್ಲವನ್ನೂ ಹೇಳಿದ. ನಟಿಯಲ್ಲ, ಬಸ್ ನಿಲ್ದಾಣದ ಹಿಂದಿನ ಬೀದಿಯ ಪ್ರಿಂಟ್ ಅಂಗಡಿಯಲ್ಲಿ ಕೆಲಸ ಮಾಡುವವರು. ಅಂಗಡಿ ಎಷ್ಟು ಹೊತ್ತಿಗೆ ತೆಗೆಯುತ್ತದೆ, ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂಬುದನ್ನೂ ಹೇಳಿದ. ಶನಿವಾರ ಖಂಡಿತ ಬನ್ನಿ ಎಂದು ಆಹ್ವಾನವನ್ನೂ ಕೊಟ್ಟ. ಮೊದಲ ಅಪರಿಚಿತ ಪ್ರೇಕ್ಷಕ ಸಿಕ್ಕಿದ್ದ. ಆ ಖುಷಿಯನ್ನು ಅವಳಿಗೆ ಮುಟ್ಟಿಸಲು ಅಂಗಡಿಗೆ ಓಡಿದ.

ಅವಳ ಮೇಜಿನ ಮೇಲೆ ಒಂದು ಪೋಸ್ಟರ್ ಇತ್ತು, ಗೋಡೆಯಿಂದ ಕಿತ್ತದ್ದು, ಬೋರಲಾಗಿ ಇಟ್ಟದ್ದು.

"ಇದು ನಮ್ಮಲ್ಲಿ ಒತ್ತಿದ್ದಲ್ಲ," ಎಂದಳು. ಅಷ್ಟೇ.

ಅವನು ಕ್ಷಮೆ ಕೇಳಿದ. ಮೇಷ್ಟ್ರ ಮಾತು ಹೇಳಿದ, ಅಂಕದ ಮಾತು ಹೇಳಿದ. ಅವಳು ತುಟಿ ಬಿಚ್ಚಲಿಲ್ಲ. ಈ ಮೌನದಲ್ಲಿ ಅವನಿಗೆ ನಿಲ್ಲಲು ಜಾಗವೇ ಸಿಗಲಿಲ್ಲ. ಅದಾದರೂ ಅವಳ ಮನಸ್ಸು ಗೆದ್ದೀತು ಎಂದುಕೊಂಡು ಕೊನೆಗೆ ಆ ಕರೆಯ ವಿಷಯ ತೆಗೆದ. ಅಷ್ಟು ದೊಡ್ಡ ಮನುಷ್ಯರು ನಿಮ್ಮನ್ನು ಎಷ್ಟು ಹೊಗಳಿದರು ಗೊತ್ತಾ ಎಂದ.

ಅವಳ ಕೈ ಯಂತ್ರದ ಗುಂಡಿಯ ಮೇಲೆ ನಿಂತಿತು. "ಏನೇನು ಕೇಳಿದ್ರು?"

ಹೇಳಿದ.

"ಪ್ರತಿ ಮಾತಿನ ಕೊನೆಗೆ, ತೊಂದರೆ ಏನಿಲ್ಲ ತಾನೆ ಅಂದ್ರಾ?"

ಹೌದು ಎಂದು ತಲೆಯಾಡಿಸಿದ.

ಅವಳು ಕೂಗಾಡಲಿಲ್ಲ. ಯಂತ್ರ ನಿಲ್ಲಿಸಿ, ಕುರ್ಚಿಯ ತುದಿಯಲ್ಲಿ ಕೂತು, ಬೇರೆ ಯಾರದೋ ಕಥೆ ಹೇಳುವಂತೆ ಹೇಳಿದಳು. ಅವರು ಅವಳ ಗಂಡ. ಐದು ವರ್ಷ ಒಂದು ದಿನವೂ ದನಿ ಏರಿಸಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಅವಳನ್ನು ಒಳಗಿನ ಕೋಣೆಗೆ ಕಳಿಸಿ ಹೊರಗಿನಿಂದ ಬೀಗ ಹಾಕಿ, ಬಾಗಿಲ ಆಚೆಯಿಂದ ಕೇಳುತ್ತಿದ್ದರು, ತೊಂದರೆ ಏನಿಲ್ಲ ತಾನೆ ಎಂದು. ಇಲ್ಲ ಎಂದು ಅವಳು ಹೇಳುವ ತನಕ ಅಲ್ಲೇ ನಿಂತಿರುತ್ತಿದ್ದರು. ಒಮ್ಮೆ ಪೊಲೀಸರ ಹತ್ತಿರ ಹೋಗಿದ್ದಳು. ಗಂಡ ಬಂದು ಹತ್ತು ನಿಮಿಷ ಮೆತ್ತಗೆ ಮಾತಾಡಿದ್ದೇ ತಡ, ಪೊಲೀಸರು ಅವಳಿಗೇ ಬುದ್ಧಿ ಹೇಳಿ ಗಂಡನ ಕಾರಿನಲ್ಲೇ ಕಳಿಸಿಕೊಟ್ಟರು. ಆ ದಿನದ ನಂತರದ ತಿಂಗಳುಗಳ ಬಗ್ಗೆ ಅವಳು ಏನೂ ಹೇಳಲಿಲ್ಲ. ಎರಡು ವರ್ಷದ ಹಿಂದೆ ಬೀಗ ಕೆಟ್ಟಿತು. ರಿಪೇರಿಗೆ ಬಂದವನು ಬಾಗಿಲು ತೆರೆದಿಟ್ಟು ಊಟಕ್ಕೆ ಹೋದ. ಆ ಅರ್ಧ ಗಂಟೆಯಲ್ಲಿ ಅವಳು ಹೊರಟುಬಂದಳು.

ಅವನಿಗೆ ಗಾಜಿನ ಮೇಲಿನ ಅಂಗೈ ನೆನಪಾಯಿತು. ಹಿಡಿಕೆಯನ್ನು ಎರಡನೆಯ ಸಲ ಇನ್ನೂ ಮೆಲ್ಲಗೆ ತಿರುಗಿಸಿದ ಬೆರಳು. ಎಂಥ ನಟನೆ ಎಂದುಕೊಂಡಿದ್ದು. ನೆಲ ಬಾಯಿ ಬಿಡಬಾರದೇ ಎನಿಸಿತು.

"ಪ್ರೀತಿಯಿಂದ ಮಾಡಿದ್ಯೋ, ಮಾರ್ಕ್ಸಿಗೆ ಮಾಡಿದ್ಯೋ ಕೇಳಲ್ಲ," ಎಂದರು ಯಜಮಾನರು, ಒಳಗಿನಿಂದ ಬಂದು. "ಮೊದಲು ಹೋಗಿ ಕಿತ್ತು ತಗೊಂಡ್ ಬಾ. ಒಂದೂ ಬಿಡದ ಹಾಗೆ."

ಅವನು ಗೋಡೆ ಗೋಡೆ ಸುತ್ತಿದ. ಉಗುರು ಕಿತ್ತುಬಂದರೂ ಬಿಡಲಿಲ್ಲ. ಅವಳು ಕಿತ್ತದ್ದು ಬಿಟ್ಟರೆ ಮೂವತ್ತೊಂಬತ್ತು ಸಿಗಬೇಕಿತ್ತು, ಮೂವತ್ತಾರು ಸಿಕ್ಕವು. ಮೂರು ಗೋಡೆಗಳ ಮೇಲೆ ಅಂಟಿನ ನಾಲ್ಕು ಮೂಲೆ ಮಾತ್ರ ಉಳಿದಿತ್ತು. ಯಾರೋ ಬ್ಲೇಡಿನಿಂದ, ಎಲ್ಲೂ ಹರಿಯದ ಹಾಗೆ, ಬಹಳ ತಾಳ್ಮೆಯಿಂದ ಬಿಡಿಸಿ ಒಯ್ದಿದ್ದರು.

ಬುಧವಾರ ಆ ಕಟ್ಟನ್ನು ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿದಾಗ ಒಳಗೆ ಒಬ್ಬರು ಕೂತಿದ್ದರು. ಇಸ್ತ್ರಿ ಮಾಡಿದ ಶರ್ಟು, ತೆಳು ಕನ್ನಡಕ, ಕತ್ತರಿಸಿ ಉಜ್ಜಿದಂಥ ಉಗುರು. ದಾರಿಯಲ್ಲಿ ಎದುರಾದರೆ ವಿಳಾಸ ಕೇಳಬಹುದಾದ, ಬಸ್ಸಿನಲ್ಲಿ ಪಕ್ಕದ ಸೀಟು ಬಿಟ್ಟುಕೊಡಬಹುದಾದ ಮನುಷ್ಯ. ವಿಸಿಟಿಂಗ್ ಕಾರ್ಡ್ ಮಾಡಿಸಬೇಕು ಎಂದು ಬಂದಿದ್ದರಂತೆ. ನಿಮ್ಮಲ್ಲಿ ಒಬ್ಬರು ಹೆಂಗಸು ಇದ್ದರಲ್ಲ, ಅವರ ಕೈಯಲ್ಲೇ ಮಾಡಿಸಬೇಕಿತ್ತು ಎಂದರು. ರಜೆ ಹಾಕಿ ಹೋಗಿದ್ದಾಳೆ ಎಂದರು ಯಜಮಾನರು. ಕಾಯುತ್ತೇನೆ, ತೊಂದರೆ ಏನಿಲ್ಲ ತಾನೆ ಎಂದು ಆತ ಕುರ್ಚಿಗೆ ಒರಗಿದರು. ಕಣ್ಣು ಮಂಜುಗಾಜಿನ ಬಾಗಿಲ ಮೇಲಿತ್ತು.

ಗಾಜಿನ ಹಿಂದೆ ನೆರಳಿರಲಿಲ್ಲ. ಅವಳು ಅಲ್ಲೇ ನೆಲಕ್ಕೆ ಅಂಟಿ ಕೂತಿದ್ದಾಳೆ ಎಂದು ಅವನಿಗೆ ಗೊತ್ತಿತ್ತು. ಹಾಗೆ ಕೂರುವುದನ್ನು ಅವನೇ ಚಿತ್ರ ಮಾಡಿಕೊಂಡಿದ್ದ.

"ನೀವೂ ಪ್ರಿಂಟ್‌ಗೆ ಬಂದ್ರಾ?" ಎಂದು ಆತ ಕೇಳಿದರು.

ಬಾಯಿ ತೆರೆದರೆ ದನಿಯ ಗುರುತು ಸಿಗುತ್ತದೆ. ಅವನು ತಲೆ ಮಾತ್ರ ಆಡಿಸಿ, ಮೂವತ್ತಾರು ಮುಖಗಳನ್ನು ಎದೆಗೆ ತಿರುಗಿಸಿ ಒತ್ತಿಕೊಂಡು ನಿಂತ. ಒಂದು ಗಂಟೆಯ ನಂತರ ಆತ ಎದ್ದುಹೋದರು. ದೂರವೇನೂ ಹೋಗಲಿಲ್ಲ. ಎದುರು ಬದಿಯ ಬೂದು ಬಣ್ಣದ ಕಾರಿನಲ್ಲಿ ಕೂತರು.

ಗುರುವಾರವೂ ಆ ಕಾರು ಅಲ್ಲೇ ಇತ್ತು. ಅಂಗಡಿಗೆ ಇದ್ದದ್ದು ಒಂದೇ ಬಾಗಿಲು, ಅದೂ ಬೀದಿಗೆ. ಯಜಮಾನರ ಸಾಮಾನಿನ ವ್ಯಾನು ಹೊರಟರೆ ಕಾರೂ ಹೊರಟು, ವ್ಯಾನು ನಿಂತಲ್ಲೆಲ್ಲ ನಿಂತು, ಮತ್ತೆ ಹಿಂದೆಯೇ ಬಂದು ಅದೇ ಜಾಗದಲ್ಲಿ ನಿಲ್ಲುತ್ತಿತ್ತು. ಎರಡು ವರ್ಷದ ಹಿಂದೆ ತೆರೆದ ಬಾಗಿಲನ್ನು ಅವನು ಒಂದು ಪೋಸ್ಟರಿನಿಂದ ಮುಚ್ಚಿಬಿಟ್ಟಿದ್ದ. ಅವಳು ಊಟ ಬಿಟ್ಟಿದ್ದಳು, ಕಿಟಕಿಯ ಹತ್ತಿರ ಹೋಗುತ್ತಿರಲಿಲ್ಲ. ಪೊಲೀಸ್ ಎಂಬ ಮಾತು ಬಂದಾಗ ಮಾತ್ರ, ಅದೊಂದು ಬೇಡ ಎಂದಳಂತೆ.

ಶುಕ್ರವಾರ ಬೆಳಿಗ್ಗೆ ಅವನು ಕಾಲೇಜಿನ ಮೆಟ್ಟಿಲ ಮೇಲೆ ಕೂತು ಆ ನಂಬರಿಗೆ ತಾನೇ ಫೋನ್ ಮಾಡಿದ. ಜೀವನದಲ್ಲಿ ಅಷ್ಟು ಎಚ್ಚರದಿಂದ ಅವನು ಯಾವ ಮಾತನ್ನೂ ಆಡಿರಲಿಲ್ಲ. ಸಾರ್, ನಮ್ಮ ನಾಯಕಿ ಸಂಬಂಧಿಕರ ಊರಿಗೆ ಹೋಗಿದ್ದಾರೆ. ನಾಳೆ ಅಲ್ಲಿಂದ ನೇರ ಪ್ರದರ್ಶನಕ್ಕೇ ಬರುತ್ತಾರೆ. ನಮ್ಮ ಟ್ರೇಲರ್ ಮುಗಿದ ಮೇಲೆ ನಟಿಸಿದವರನ್ನು ವೇದಿಕೆಗೆ ಕರೆಯುತ್ತಾರೆ. ನಿಮಗೆ ಮುಂದಿನ ಸಾಲಿನಲ್ಲಿ ಒಂದು ಸೀಟು ಇಟ್ಟಿದ್ದೇನೆ.

"ನಿಮ್ಮ ದನಿ ಯಾಕೋ ನಡುಗ್ತಾ ಇದೆ. ಹುಷಾರಾಗಿದೀರಿ ತಾನೆ?"

ನಾಳೆ ಪ್ರದರ್ಶನ ಇದೆಯಲ್ಲ ಸಾರ್, ಭಯ ಎಂದ. ಅದು ಸುಳ್ಳಾಗಿರಲಿಲ್ಲ.

"ಒಳ್ಳೆ ಹುಡುಗ ನೀವು," ಎಂದರು ಆತ. "ಬರ್ತೀನಿ."

ಮಧ್ಯಾಹ್ನ ಮುಖಪುಟದ ಫೈಲ್ ಹಿಡಿದು ಗಿರಾಕಿಯಂತೆ ಅಂಗಡಿಗೆ ಹೋದ. ಬೂದು ಕಾರಿನ ಮುಂದೆ ದಾಟುವಾಗ ಬೆನ್ನಿನ ಮೇಲೆ ಯಾರೋ ಬೆರಳಿಟ್ಟ ಹಾಗಾಯಿತು. ಲ್ಯಾಮಿನೇಷನ್ ಕೋಣೆಯಲ್ಲಿ ಕಾದ ಪ್ಲಾಸ್ಟಿಕ್ಕಿನ ವಾಸನೆಯಿತ್ತು. ಅವಳು ಒಂದು ಸಣ್ಣ ಚೀಲದ ಜಿಪ್ ಎಳೆಯುತ್ತಿದ್ದಳು. ಮೂರು ದಿನದಲ್ಲಿ ಕಣ್ಣಿನ ಸುತ್ತ ನೆರಳು ಕಟ್ಟಿತ್ತು. ಆದರೂ ಅವನನ್ನು ಕಂಡು ಆ ಹುಬ್ಬು ಒಂದಿಷ್ಟು ಮೇಲೇರಿತು.

ಯಜಮಾನರ ಮೂಲಕ ಯೋಜನೆ ಅವಳಿಗೆ ಗೊತ್ತಾಗಿತ್ತು. ಪ್ರದರ್ಶನ ಹತ್ತೂವರೆಗೆ. ಹನ್ನೊಂದಕ್ಕೆ ವ್ಯಾನು ಹೊರಡುತ್ತದೆ. ಹನ್ನೊಂದೂಕಾಲಿಗೆ ಅವಳು ಬಸ್ ಹತ್ತಿರಬೇಕು. ಎಲ್ಲರ ಟ್ರೇಲರ್ ಆದ ಮೇಲೆ ಕೊನೆಯದು ತನ್ನದೇ ಇರಲಿ ಎಂದು ಅವನು ಮೇಷ್ಟ್ರನ್ನು ಕಾಡಿ ಒಪ್ಪಿಸಿದ್ದ.

"ನಾನು ನಾಳೆ ಹೋಗ್ತಿರೋದು—" ಎಂದು ಅವಳು ಶುರುಮಾಡಿದಳು.

"ಹೇಳಬೇಡಿ."

ಅವಳು ಚೀಲ ಕೆಳಗಿಟ್ಟಳು.

"ನನಗೆ ಗೊತ್ತಿದ್ರೆ ನನ್ನ ಮುಖ ಹೇಳಿಬಿಡುತ್ತೆ. ನನ್ನ ಬಾಯಿ ಎಂಥದ್ದು ಅಂತ ನೀವೇ ನೋಡಿದೀರಲ್ಲ. ಯಜಮಾನರಿಗೂ ಹೇಳಬೇಡಿ, ನಿಲ್ದಾಣದಲ್ಲಿ ಇಳಿಸಿ ತಿರುಗಿ ನೋಡದೆ ಬಂದುಬಿಡಲಿ. ನೀವು ಹೋಗೋ ಊರು ನಿಮಗೊಬ್ಬರಿಗೇ ಗೊತ್ತಿರಲಿ."

ಅವಳು ಅವನನ್ನೇ ನೋಡಿದಳು. ಆ ನೋಟ ಈ ಸಲ ಬೀದಿಗೆ ಹೋಗಲಿಲ್ಲ. ಅವನ ಮುಖದ ಮೇಲೆ ಬಂದು, ಹಣೆಯಿಂದ ಗಲ್ಲದವರೆಗೆ ನಿಧಾನವಾಗಿ ಇಳಿದು, ಅಲ್ಲೇ ಉಳಿಯಿತು. ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು, ಅವನನ್ನು ಯಾರೂ ನೋಡಿರಲಿಲ್ಲ.

"ಹಾಗಾದ್ರೆ ನನ್ನನ್ನ ಹೇಗೆ ಹುಡುಕ್ತೀಯಾ?"

ಇಷ್ಟು ದಿನ 'ನೀವು' ಎಂದವಳು.

"ಹುಡುಕಲ್ಲ," ಎಂದ. "ಹುಡುಕೋರು ಒಬ್ಬರು ಇದಾರಲ್ಲ, ಸಾಕು. ನಾನು ಇಲ್ಲೇ ಇರ್ತೀನಿ. ಬರಬೇಕು ಅನ್ಸಿದ್ರೆ ನೀನೇ ಬಾ. ಅನ್ಸದಿದ್ರೆ ಬರಬೇಡ."

ಯಂತ್ರ ತಣ್ಣಗಾಗುತ್ತ ಟಿಕ್ ಟಿಕ್ ಎನ್ನುತ್ತಿತ್ತು. ಅವಳು ಒಂದು ಹೆಜ್ಜೆ ಮುಂದೆ ಬಂದು, ಗೋಡೆಯಿಂದ ಪೋಸ್ಟರ್ ಕೀಳುವಾಗ ಸುಲಿದ ಅವನ ಬೆರಳುಗಳನ್ನು ಎತ್ತಿ ನೋಡಿದಳು. ತಪ್ಪು ಹೊಟ್ಟೆಗೆ ಹಾಕಿಕೋ ಎಂದು ಕೇಳಬೇಕೆಂದುಕೊಂಡ. ಅದನ್ನು ಕೇಳುವುದೂ ಅವಳಿಂದ ಇನ್ನೇನನ್ನೋ ಕಿತ್ತುಕೊಂಡಂತೆ ಎನಿಸಿ ಸುಮ್ಮನಾದ.

"ಸುಮ್ಮನಿರಬೇಡ," ಎಂದಳು ಅವಳು. "ಇಬ್ಬರೂ ಸುಮ್ಮನಿದ್ದೇ ಇಲ್ಲಿಗೆ ಬಂದಿದೀವಿ. ಹೇಳೋದಿದ್ರೆ ಇವತ್ತು ಹೇಳು."

ಹೇಳಿದ. ಎಲ್ಲರೂ ಹೇಳುವ ಆ ಮೂರು ಮಾತನ್ನೇ, ಒಂದೊಂದೂ ತಡವರಿಸುತ್ತ. ಅವಳು ಕಣ್ಣು ಮುಚ್ಚಿ ಕೇಳಿದಳು. ಮತ್ತೆ ಹೇಳು ಎಂದಳು. ಎರಡನೆಯ ಸಲ ಕೇಳಿದ ಮೇಲೆ ಅವನ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಅವಳ ಉತ್ತರ ಅದರಲ್ಲೇ ಇತ್ತು, ಒದ್ದೆಯಾಗಿ.

"ನಾನು ನಕ್ಕ ಆ ಫಿಲ್ಮು ಇದೆಯಾ ಇನ್ನೂ?"

"ಅಳಿಸಿದೆ."

"ಎಲ್ಲಾ ಕಡೆಯಿಂದ?"

"ಒಂದು ಕಡೆ ಬಿಟ್ಟು," ಎಂದ. ಎಲ್ಲಿ ಎಂದು ಅವಳು ಕೇಳಲಿಲ್ಲ.

ಮನೆಗೆ ಹೋಗಿ ಎಡಿಟಿಂಗಿಗೆ ಕೂತ. ಕೈಯಲ್ಲಿದ್ದದ್ದು ಗಾಜು, ನೆರಳು, ಅಂಗೈ, ಹಿಡಿಕೆ, ಕಾಲೇಜಿನ ಖಾಲಿ ಕಾರಿಡಾರುಗಳು, ಇಷ್ಟೇ. ಟ್ರೇಲರ್ ಎಂದರೆ ಕೊಡುತ್ತೇನೆ ಎಂದು ಹೇಳುತ್ತಲೇ ಕೊಡದಿರುವ ವಿದ್ಯೆ ಎಂದು ಮೇಷ್ಟ್ರು ಮೊದಲ ದಿನ ಹೇಳಿದ್ದರು. ಆ ವಿದ್ಯೆಯನ್ನೆಲ್ಲ ಸುರಿದ. ಹಿಡಿಕೆ ತಿರುಗುತ್ತದೆ, ಬಾಗಿಲು ಇನ್ನೇನು ತೆರೆಯಬೇಕು, ಕತ್ತಲು. ಮತ್ತೆ ಕಾರಿಡಾರು, ಮತ್ತೆ ಹೆಜ್ಜೆ, ಗಾಜಿನ ಹತ್ತಿರ ಬರುವ ನೆರಳು, ಇನ್ನೊಂದು ಹೆಜ್ಜೆಗೆ ಮುಖ ಕಾಣಬೇಕು, ಕತ್ತಲು. ಎರಡು ನಿಮಿಷದ ಟ್ರೇಲರ್ ಹನ್ನೊಂದು ನಿಮಿಷವಾಯಿತು. ಅಕ್ಕ ಬಾಗಿಲಲ್ಲಿ ನಿಂತು ನೋಡಿ, ಯಾವ ಲೆಕ್ಕವನ್ನೂ ಕೇಳದೆ, ತಟ್ಟೆ ಇಟ್ಟು ಹೋದಳು.

ಶನಿವಾರ ಆತ ಹತ್ತೂಕಾಲಿಗೇ ಬಂದರು. ಕೈಯಲ್ಲಿ ಹೂವಿನ ಗುಚ್ಛವಿತ್ತು. ಅವನು ಮುಂದಿನ ಸಾಲಿಗೆ ಕರೆದೊಯ್ದು ಪಕ್ಕ ಕೂತ. ಸಾಬೂನಿನ ಸಣ್ಣ ಪರಿಮಳ. ಬುಧವಾರದ ಮೌನಿಯ ಗುರುತು ಸಿಕ್ಕಿತೋ ಏನೋ, ಆತ ಅವನ ಮುಖವನ್ನು ಒಂದು ಕ್ಷಣ ಹೆಚ್ಚು ನೋಡಿ, ನೀವೇನಾ ಎಂದು ಮುಗುಳ್ನಕ್ಕರು. ನಿಮ್ಮ ನಾಯಕಿ ಯಾವ ಕಡೆಯಿಂದ ಬರುತ್ತಾರೆ ಎಂದು ಕೇಳಿದರು. ವೇದಿಕೆಯ ಹಿಂದಿನಿಂದ ಎಂದ.

ಮೇಷ್ಟ್ರ ಭಾಷಣವಾಯಿತು. ಒಂದೊಂದಾಗಿ ಒಂಬತ್ತು ಟ್ರೇಲರ್‌ಗಳಾದವು. ಕೊನೆಯದಾಗಿ ಅವನದು.

ಮೊದಲ ಎರಡು ನಿಮಿಷ ಸಭಾಂಗಣ ಉಸಿರು ಹಿಡಿದು ನೋಡಿತು. ನಾಲ್ಕನೆಯ ನಿಮಿಷಕ್ಕೆ ಹಿಂದೆ ಪಿಸುಮಾತು ಶುರುವಾಯಿತು. ಕತ್ತರಿ ತನ್ನ ಕತ್ತರಿಯನ್ನೇ ಕಳ್ಕೊಂಡಿದಾನೆ ಎಂದು ಯಾರೋ ನಕ್ಕರು. ಆರನೆಯ ನಿಮಿಷಕ್ಕೆ ಮೇಷ್ಟ್ರು ಎದ್ದುನಿಂತು ಕೆಮ್ಮಿದರು. ಆತ ಮಾತ್ರ ಮುಂದಕ್ಕೆ ಬಾಗಿ, ಹೂಗುಚ್ಛವನ್ನು ಮೊಣಕಾಲಿನ ನಡುವೆ ಹಿಡಿದು ನೋಡುತ್ತಿದ್ದರು. ಒಮ್ಮೆ ಗಡಿಯಾರ ನೋಡಿ, ಕತ್ತು ತಿರುಗಿಸಿ ಹೊರಬಾಗಿಲ ಕಡೆ ನೋಡಿದರು. ಅಷ್ಟರಲ್ಲಿ ಪರದೆಯ ಮೇಲೆ ಅಂಗೈ ಗಾಜಿಗೆ ಬಂದು ಕೂತಿತು. ಆತ ಮತ್ತೆ ಪರದೆಗೆ ತಿರುಗಿದರು. ಆ ಅಂಗೈಯ ಗುರುತು ಅವರಿಗಿತ್ತು.

ಹನ್ನೊಂದು ನಿಮಿಷವೂ ಮುಖ ಕಾಣಲಿಲ್ಲ. ದೀಪ ಹತ್ತಿತು. ಒಬ್ಬಿಬ್ಬರು ಚಪ್ಪಾಳೆ ತಟ್ಟಿದರು. ಎರಡು ನಿಮಿಷ ಎಂದರೆ ಎರಡು ನಿಮಿಷ, ಇದಕ್ಕೆ ಅಂಕ ಕೊಡಲಾರೆ ಎಂದು ಹೇಳಿ ಮೇಷ್ಟ್ರು ಬೇಸರದಿಂದ ಹೊರಟರು. ಯಾರನ್ನೂ ವೇದಿಕೆಗೆ ಕರೆಯಲಿಲ್ಲ. ಸಾಲುಗಳು ಖಾಲಿಯಾದವು. ಗೋಡೆಯ ಗಡಿಯಾರದಲ್ಲಿ ಹನ್ನೊಂದೂಮುಕ್ಕಾಲು.

ಆತ ಏಳಲಿಲ್ಲ. ಅವನೂ ಏಳಲಿಲ್ಲ.

"ಎಲ್ಲಿದ್ದಾಳೆ?" ಎಂದರು ಆತ, ಅದೇ ಮೆತ್ತಗಿನ ದನಿಯಲ್ಲಿ.

"ಗೊತ್ತಿಲ್ಲ."

ಆತ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಅವನ ಮುಖವನ್ನು ಓದತೊಡಗಿದರು. ಅವನು ಕಣ್ಣು ತಪ್ಪಿಸಲಿಲ್ಲ. ಆ ಕಣ್ಣುಗಳು ಅವನ ಹಣೆಯಲ್ಲಿ, ತುಟಿಯ ಅಂಚಿನಲ್ಲಿ, ರೆಪ್ಪೆಯ ಅದುರಿನಲ್ಲಿ ಒಂದು ಊರಿನ ಹೆಸರನ್ನು ಹುಡುಕಿದವು. ಬಹಳ ಹೊತ್ತು, ಬಹಳ ತಾಳ್ಮೆಯಿಂದ ಹುಡುಕಿದವು. ಅದು ಅಲ್ಲಿರಲಿಲ್ಲ.

"ನಾನು ಏನೋ ನೋಡದೆ ಬಿಟ್ಟೆ ಅನ್ಸುತ್ತೆ," ಎಂದರು ಕೊನೆಗೆ. ಮೊದಲ ಸಲ ಆ ದನಿಯಲ್ಲಿ ಒಂದು ಬಿರುಕು ಕೇಳಿಸಿತು. "ಇನ್ನೊಂದ್ಸಲ ಹಾಕಿ."

ಅವನು ಎದ್ದು, ದೀಪ ಆರಿಸಿ, ಟ್ರೇಲರನ್ನು ಮೊದಲಿನಿಂದ ಹಾಕಿ, ಕತ್ತಲಲ್ಲಿ ತಡವರಿಸುತ್ತ ಬಂದು ಆತನ ಪಕ್ಕದಲ್ಲೇ ಕೂತ.